ಸೊಗಡು ಬಂದ ಬೆಳಗು

"ಗುರುಗಳೇ, ಒಳ್ಳೆಯ ಕೆಲಸವನ್ನು ಒಳ್ಳೆಯ ಹೊತ್ತು ನೋಡಿ ಮಾಡುವುದು ತಪ್ಪೇ?" ಎಂದು ಶಿಷ್ಯ ಶಿವನಂಜ ಕೇಳಿದ.

ಅವನನ್ನು ಸಾಕಿ ಬೆಳೆಸಿದ ಸೋದರಮಾವ ಹಾಸಿಗೆ ಹಿಡಿದಿದ್ದ. ಒಮ್ಮೆ ಬಂದು ಮುಖ ತೋರಿಸು ಎಂದು ಹೇಳಿಕಳಿಸಿದ್ದ. ಓದು ಮುಗಿಸಿ, ನಾಲ್ಕು ಜನರ ಮುಂದೆ ಮಾವ ತಲೆಯೆತ್ತುವಂತಾದ ಮೇಲೆ ಹೋಗೋಣ ಎಂಬುದು ಶಿವನಂಜನ ಎಣಿಕೆ.

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಅವನ ಹೊಲದ ಅವರೆಕಾಯಿ ಎಂದರೆ ಸುತ್ತ ಹತ್ತು ಹಳ್ಳಿಗೆ ಹೆಸರು. ಹೆಸರು ಬಂದವನಿಗೆ ಜಂಬವೂ ಬರಬೇಕಲ್ಲ, ಬಂದಿತ್ತು. ತಾಯಿ ಸತ್ತಾಗ ಅವನಿನ್ನೂ ತೊಟ್ಟಿಲ ಕೂಸು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅಕ್ಕ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದಳು.

ಆ ವರ್ಷ ಮಳೆಗಾಲದ ಜ್ವರಕ್ಕೆ ಅಕ್ಕನ ನಾಲಿಗೆ ಸತ್ತುಹೋಯಿತು. ಗಂಜಿಯೂ ಸೇರಲಿಲ್ಲ. ದೀಪಾವಳಿ ಹತ್ತಿರ ಬಂದಾಗ ತಮ್ಮನನ್ನು ಕರೆದು, "ಮಗಾ, ಹಿತಕಿದ ಅವರೆಬೇಳೆ ಸಾರಲ್ಲಿ ಒಂದು ತುತ್ತು ಉಣ್ಬೇಕು ಅನ್ನಿಸ್ತದೆ ಕಣೋ" ಎಂದಳು.

ಹೊಲದಲ್ಲಿ ಒಂದು ಸಾರಿಗಾಗುವಷ್ಟು ಕಾಯಿ ಬಲಿತಿತ್ತು. ಆದರೆ ಇಬ್ಬನಿ ಇನ್ನೂ ಬಿದ್ದಿರಲಿಲ್ಲ. ಇಬ್ಬನಿ ಕುಡಿಯದ ಅವರೆಗೆ ಸೊಗಡಿಲ್ಲ. ಆ ಘಮವಿಲ್ಲದ ಅವರೆ ಹುಲ್ಲಿಗೆ ಸಮ. ಹಾಗೆಂದು ಅವನೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

"ಒಂದು ವಾರ ತಡ್ಕೊ ಅಕ್ಕ. ಚಳಿ ಬೀಳಲಿ, ಎಂಥಾ ಸಾರು ಉಣ್ಣಿಸ್ತೀನಿ ನೋಡು! ತಾಳಿದವನು ಬಾಳಿಯಾನು ಅಂತ ನೀನೇ ಹೇಳ್ತಿದ್ದೆಯಲ್ಲ."

"ನಾನು ತಾಳ್ತೀನಿ ಕಣಪ್ಪ, ಈ ಜೀವ ತಾಳ್ಬೇಕಲ್ಲ. ಸೊಗಡಿಲ್ದಿದ್ರೆ ಇಲ್ಲ ಬಿಡು. ನಿನ್ನ ಹೊಲದ್ದು ತಾನೆ."

ಅವನು ನಕ್ಕುಬಿಟ್ಟ. ಸಾಕಿದ ಅಕ್ಕನಿಗೆ ಸಪ್ಪೆ ಸಾರು ಬಡಿಸುವುದೇ? ಛೆ!

ದಿನವೂ ನಸುಕಿನಲ್ಲಿ ಎದ್ದು ಹೊಲಕ್ಕೆ ಹೋಗಿ ಎಲೆಗಳ ಮೇಲೆ ಅಂಗೈ ಆಡಿಸಿದ. ಎಲೆ ಒಣಗಿಯೇ ಇರುತ್ತಿತ್ತು. ಆ ವರ್ಷ ಚಳಿ ತಡ ಮಾಡಿತು. ಒಂದು ವಾರ ಹೋಗಿ ಮೂರು ವಾರವಾಯಿತು. ಅಕ್ಕ ಮತ್ತೆ ಬಾಯಿಬಿಟ್ಟು ಕೇಳಲಿಲ್ಲ. ತಮ್ಮ ಹೊಲದಿಂದ ಬಂದಾಗ ಅವನ ಕೈ ನೋಡುತ್ತಿದ್ದಳು, ಅಷ್ಟೆ.

ಕಾರ್ತಿಕದ ಒಂದು ಬೆಳಗು ಅಂಗೈ ಒದ್ದೆಯಾಯಿತು. ಪಂಚೆಯ ಅಂಚು ತೊಯ್ದು ಕಾಲಿಗೆ ಅಂಟಿತು. ಕಾಯಿ ಕಿತ್ತರೆ, ಅಬ್ಬಾ, ಆ ಸೊಗಡು! ಹಲ್ಲು ಕಟಕಟ ಎನ್ನುತ್ತಿದ್ದರೂ ಅವನು ಹಿಗ್ಗಿ, ಟವೆಲಿನ ತುಂಬ ಕಾಯಿ ಕಟ್ಟಿಕೊಂಡು ಓಡಿದ. "ಅಕ್ಕಾ, ಚಳಿ ಬಂತು!" ಎಂದು ಬೀದಿಯಿಂದಲೇ ಕೂಗಿದ.

ಬಾಗಿಲಲ್ಲಿ ಹೆಂಡತಿ ಅಳುತ್ತ ನಿಂತಿದ್ದಳು. ಬಂದ ಚಳಿ ಅಕ್ಕನ ಎದೆಯನ್ನು ಹಿಡಿದಿತ್ತು. ಹೊಲಕ್ಕೆ ಆಳು ಕಳಿಸಬೇಕು ಎನ್ನುವಷ್ಟರಲ್ಲಿ ಉಸಿರು ನಿಂತಿತ್ತು.

ತಿಥಿಯ ದಿನ ಹಿತಕಿದ ಬೇಳೆ ಸಾರು ಮಾಡಿಸಿ ಎಡೆ ಇಟ್ಟ. ಬೀದಿಯೆಲ್ಲ ಘಮಘಮ. ಉಂಡವರೆಲ್ಲ, "ಇಂಥಾ ಸೊಗಡು ಯಾವ ವರ್ಷವೂ ಕಂಡಿಲ್ಲ ಬಿಡಪ್ಪ" ಎಂದರು. ಅವನು ಎಲೆಯ ಮುಂದೆ ಕೂತು, ಕಲಸಿದ ತುತ್ತನ್ನು ಬಾಯಿಗಿಡಲಾರದೆ ಗೊಳೋ ಎಂದು ಅತ್ತುಬಿಟ್ಟ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. "ಪಾಪ, ಅವನಿಗೆ ಅಕ್ಕನ ಮೇಲೆ ಪ್ರೀತಿಯೇನೂ ಕಡಿಮೆ ಇರಲಿಲ್ಲ" ಎಂದ ಶಿವನಂಜ.

"ಇರಲಿಲ್ಲ" ಎಂದರು ಗುರುಗಳು. ಆಮೇಲೆ ಕೇಳಿದರು: "ನಿಮ್ಮ ಮಾವನ ಊರಲ್ಲಿ ಇಬ್ಬನಿ ಬೀಳಲು ಶುರುವಾಯಿತೇ?"

ಶಿವನಂಜ ಗುರುಗಳ ಕಾಲಿಗೆ ನಮಸ್ಕರಿಸಿ, ಬಟ್ಟೆಯ ಗಂಟು ಕಟ್ಟಲು ಎದ್ದ.