ಬೆಚ್ಚಗೆ ಹೊದ್ದ ಪೆಟ್ಟಿಗೆ

ದ್ಯಾಮಣ್ಣನ ಮನೆಯ ಕಂಪ್ಯೂಟರ್ ಪೆಟ್ಟಿಗೆಗೆ ಕಸೂತಿ ಬಟ್ಟೆಯೊಂದನ್ನು ಹೊದಿಸಿದ್ದರು. ಧೂಳು ಬೀಳಬಾರದೆಂದು ಅದನ್ನು ಯಾರೂ ತೆಗೆಯುತ್ತಿರಲಿಲ್ಲ. ಅದರಲ್ಲಿ ಕಾಗದ ಪತ್ರ ಬರೆಯುವಾಗ ಪೆಟ್ಟಿಗೆ ನೆಟ್ಟಗೆ ನಡೆಯುತ್ತಿತ್ತು. ಕಾರಿನ ಆಟ ಶುರುವಾದರೆ ಹತ್ತೇ ನಿಮಿಷಕ್ಕೆ ತಟ್ಟನೆ ಆಫ್ ಆಗುತ್ತಿತ್ತು.

"ಇನ್ನೊಂದು ಸಲ ಹಿಂಗಾದ್ರೆ ಗುಜರಿಗೆ ಹಾಕ್ತೀನಿ" ಎಂದು ದ್ಯಾಮಣ್ಣ ಮತ್ತೆ ಆಟಕ್ಕೆ ಕೂತ.

ಇದನ್ನು ಕೇಳಿದ ಬಟ್ಟೆ ಪೆಟ್ಟಿಗೆಯೊಳಗಿನ ಫ್ಯಾನನ್ನು ಗದರಿತು. "ಏನಯ್ಯಾ, ಬರೀ ಸದ್ದು ಮಾಡ್ತೀಯಲ್ಲ, ಗಾಳಿ ಎಲ್ಲಿ?"

"ಅಕ್ಕಾ, ಬಿಸಿ ಗಾಳೀನ ಹೊರಗೆ ತಳ್ತಾನೇ ಇದ್ದೀನಿ. ನೀನು ವಾಪಸ್ ಒಳಗೆ ಕಳಿಸ್ತೀಯ."

"ನಾನು ಈ ಪೆಟ್ಟಿಗೇನ ಕಾಪಾಡೋಳು ಕಣೋ."

"ಧೂಳಿಂದ ಕಾಪಾಡ್ತೀಯ, ನಿಜ. ಆದ್ರೆ ಇವನು ಬೇಯ್ತಾ ಇದ್ದಾನೆ. ಮೈ ಸುಡೋದು ನಿಂಗೆ ಗೊತ್ತಾಗಲ್ವಾ?"

ಗೊತ್ತಿತ್ತು. ತಾನು ಅಪ್ಪಿಕೊಂಡಿದ್ದರಿಂದಲೇ ಅವನು ಬೆಚ್ಚಗಿದ್ದಾನೆ ಎಂದುಕೊಂಡಿತ್ತು ಬಟ್ಟೆ. ಪೆಟ್ಟಿಗೆಯಿಂದ ಜಾರಿ, ಪಕ್ಕದ ಕುರ್ಚಿಯ ಮೇಲೆ ಬಿತ್ತು.

ಅರ್ಧ ಗಂಟೆ ಕಳೆಯಿತು. ಪೆಟ್ಟಿಗೆ ನಿಲ್ಲಲಿಲ್ಲ. ಕುರ್ಚಿಯಿಂದ ಬಟ್ಟೆ ಮೊದಲ ಸಲ ಪರದೆ ನೋಡಿತು. ಕೆಂಪು ಕಾರೊಂದು ಗುಡ್ಡ ಇಳಿದು ಓಡುತ್ತಿತ್ತು.

"ನಮ್ಮ ಪೆಟ್ಟಿಗೆ ಇಷ್ಟು ಜೋರಾಗಿ ಓಡಿಸುತ್ತಾ?" ಎಂದು ಬಟ್ಟೆ ಫ್ಯಾನನ್ನು ಮೆಲ್ಲಗೆ ಕೇಳಿತು.