ಪಂಚಮಿಗೆ ಬಂದ ಅಣ್ಣ

"ಅಜ್ಜಾರೆ, ಇಂಗ್ಲಿಷಿನಲ್ಲಿ ‘ಹ್ಯಾವ್ ಟು’ ಅಂದರೂ ಬೇಕು, ‘ಶುಡ್’ ಅಂದರೂ ಬೇಕು, ‘ಮಸ್ಟ್’ ಅಂದರೂ ಬೇಕು. ನಮಗೆ ಒಂದೇ ‘ಬೇಕು’ ಸಾಕಾಗಿರುವಾಗ ಅವರಿಗೆ ಇಷ್ಟೆಲ್ಲ ಯಾಕೆ?"

ಕೇಳಿದವನು ಅಡಿವೆಪ್ಪ, ಮಠದಲ್ಲಿ ಉಳಿದು ಓದುತ್ತಿದ್ದ ಶಿಷ್ಯ. ಅವನು ಅಜ್ಜಾರು ಎಂದು ಕರೆದದ್ದು ಮಠದ ಗುರುವನ್ನು. ಗುರು ಹರೆಯದಲ್ಲಿ ದೇಶ ಸುತ್ತಿದವರು. ಬಂದರಿನಲ್ಲಿ, ರೈಲು ನಿಲ್ದಾಣದಲ್ಲಿ, ಮಾತಾಡುವವರ ಬಾಯಿ ನೋಡಿಯೇ ಇಂಗ್ಲಿಷ್ ಕಲಿತವರು.

"ಸಾಕಾಗಿದೆ ಅಂತ ನಿನಗೆ ಯಾರು ಹೇಳಿದರು?" ಎಂದರು ಗುರು. "ಅರ್ಥ ಬೇಕಿದ್ದರೆ ಪುಸ್ತಕ ನೋಡು. ತೂಕ ಬೇಕಿದ್ದರೆ ಕೂತು ಕೇಳು."

ಅಡಿವೆಪ್ಪ ಕೂತ. ಗುರು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೆ ಒಬ್ಬಳೇ ತಂಗಿ. ಎರಡು ಹರದಾರಿ ಆಚೆಯ ಊರಿಗೆ ಅವಳನ್ನು ಕೊಟ್ಟಿದ್ದರು.

ಅವರ ತಾಯಿ ತೀರಿಕೊಂಡಳು. ಗಾಣಿಗ ತಂಗಿಗೆ ಹೇಳಿ ಕಳಿಸಿದ. ನಡುವೆ ಹಳ್ಳ ತುಂಬಿ ಬಂದಿತ್ತು. ತಂಗಿಗೆ ತಡವಾಯಿತು. ಹೊತ್ತು ಮುಳುಗುತ್ತದೆ, ಇನ್ನು ಕಾಯುವುದು ಬೇಡ ಎಂದರು ಹಿರಿಯರು. ಗಾಣಿಗ ಹೂಂ ಅಂದ. ತಂಗಿ ಒದ್ದೆ ಸೀರೆಯಲ್ಲಿ ಓಡಿ ಬಂದಾಗ ಮಣ್ಣು ಮುಚ್ಚಿಯಾಗಿತ್ತು. ನಾಲ್ಕು ಮಂದಿಯ ಮುಂದೆ ಅವಳು ಕೂಗಿದಳು.

"ಅವ್ವನ ಮುಖ ನೋಡಗೊಡಲಿಲ್ಲ ನೀನು. ನೀನು ಅಣ್ಣನಲ್ಲ!"

ಅದು ದುಃಖದ ಮಾತು. ಗಾಣಿಗ ಅದನ್ನು ಅವಮಾನವೆಂದು ತಿಳಿದ. "ಹಾಗೇ ಆಗಲಿ" ಅಂದ. ಅಂದಿನಿಂದ ಅಣ್ಣ ತಂಗಿಯರ ನಡುವೆ ಮಾತು ನಿಂತಿತು.

ವರ್ಷಗಳು ಕಳೆದವು. ತಂಗಿಯ ಮಗಳ ಮದುವೆ ಗೊತ್ತಾಯಿತು. ಸೋದರಮಾವ ಕೈಹಿಡಿದು ತರದೆ ಮದುಮಗಳು ಹಂದರಕ್ಕೆ ಬರುವಂತಿಲ್ಲ. ಗಾಣಿಗ ಹೋಗುವುದಿಲ್ಲವೆಂದ. ಹಿರಿಯರು ಬಂದು ಅವನ ಕಟ್ಟೆಯ ಮೇಲೆ ಕೂತರು.

"ನಿನ್ನ ಸಿಟ್ಟನ್ನು ಗಾಣಕ್ಕೆ ಹಾಕಿ ಅರಿ, ಯಾರು ಬೇಡ ಅಂದರು? ಆದರೆ ಸೋದರಮಾವನ ಜಾಗದಲ್ಲಿ ಒನಕೆ ನಿಲ್ಲಿಸೋಕಾಗುತ್ತೇನು? ಹೋಗಲೇಬೇಕು."

ಗಾಣಿಗ ಹೋದ. ಸೀರೆ ಒಯ್ದ, ಬಳೆ ಒಯ್ದ, ಕೊಬ್ಬರಿ ಬಟ್ಟಲು ಒಯ್ದ. ಹುಡುಗಿಯ ಕೈಹಿಡಿದು ಹಂದರಕ್ಕೆ ತಂದು ನಿಲ್ಲಿಸಿದ. ತಂಗಿ ಎಲೆ ಹಾಕಿ, "ಅಣ್ಣಾ, ಉಣ್ಣು ಬಾ" ಅಂದಳು.

"ಬಂದ ಕೆಲಸ ಆಯಿತು" ಅಂದ ಗಾಣಿಗ, ಎದುರಿನ ಕಂಬಕ್ಕೆ ಹೇಳಿದಂತೆ. ರುಮಾಲು ಸುತ್ತಿಕೊಂಡು ಹೊರಟ.

ಅಡಿವೆಪ್ಪ ನಡುವೆ ಬಾಯಿ ಹಾಕಿದ. "ಇದು ಹ್ಯಾವ್ ಟು ಅಲ್ಲವೇನ್ರಿ? ಹೊರಗಿನವರು ತಳ್ಳಿದ್ದು, ಇವನು ಹೋದದ್ದು."

"ಜಾಣ ಇದ್ದೀ" ಎಂದರು ಗುರು. ನಗಲಿಲ್ಲ.

ಮುಂದೆ ತಂಗಿಯ ಗಂಡ ತೀರಿಕೊಂಡ. ತವರಿನಿಂದ ಸೀರೆ ಬರಬೇಕು. ಹಿರಿಯರು ಮತ್ತೆ ಬಂದರು. ಗಾಣಿಗ ಮತ್ತೆ ಹೋದ. ತಂಗಿ ಗೋಡೆಗೆ ಒರಗಿ ಕೂತಿದ್ದಳು. ಸೀರೆಯನ್ನು ಅವಳ ಮುಂದಿಟ್ಟ. ಅವಳ ತಲೆಯ ಮೇಲೆ ಒಮ್ಮೆ ಕೈಯಿಡಬೇಕು ಅನ್ನಿಸಿತು. ಅದನ್ನು ಯಾವ ಹಿರಿಯರೂ ಹೇಳಿ ಕಳಿಸಿರಲಿಲ್ಲ. ಕೈ ಮೇಲೇಳಲಿಲ್ಲ.

ದಾರಿಯಲ್ಲಿ ಜನ ಆಡಿಕೊಂಡರು: "ಸಿಟ್ಟು ಇದ್ದರೇನು, ಒಂದು ಕಟ್ಟಳೆ ತಪ್ಪಿಸಲಿಲ್ಲ ನೋಡು." ಗಾಣಿಗ ಆ ಮಾತನ್ನು ಕೇಳಿಸಿಕೊಂಡ. ತಂಗಿಗೆ ತಾನು ಯಾವುದರಲ್ಲೂ ಕೊರತೆ ಮಾಡಿಲ್ಲ ಎಂದು ನಂಬಿದ. ಕರುಳು ಹರಿದಿಲ್ಲ ಎಂದು ನಂಬಿದ.

ಆ ಸೀಮೆಯಲ್ಲಿ ಪಂಚಮಿ ಹಬ್ಬಕ್ಕೆ ಅಣ್ಣ ತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತಾರೆ. ಮದುವೆಗೆ ಹೋಗದಿದ್ದರೆ ಊರು ಕೇಳುತ್ತದೆ. ಪಂಚಮಿಗೆ ಕರೆಯದಿದ್ದರೆ ಕೇಳುವವರಿಲ್ಲ. ಕೊಟ್ಟ ಮನೆಯ ಹೊಸ್ತಿಲಲ್ಲಿ ಒಬ್ಬಳು ದಾರಿ ನೋಡುತ್ತಾಳೆ, ಅಷ್ಟೇ. ವರ್ಷವರ್ಷವೂ ಗಾಣಿಗ ‘ಈ ಸಲ ಕರೆಯಬೇಕು’ ಅಂದುಕೊಳ್ಳುತ್ತಿದ್ದ. ಹಬ್ಬ ಹತ್ತಿರವಾದಂತೆ ಗಾಣಕ್ಕೆ ಬಿಡುವಿರುತ್ತಿರಲಿಲ್ಲ. ಅಂದುಕೊಂಡದ್ದು ಗಾಣದ ಸದ್ದಿನಲ್ಲಿ ಮುಳುಗುತ್ತಿತ್ತು.

ಒಂದು ಪಂಚಮಿಗೆ ಅವನ ಹೆಂಡತಿಯ ತಮ್ಮ ಮಳೆಯಲ್ಲಿ ನೆನೆದುಕೊಂಡು ಬಂದ. ಮೊಣಕಾಲಿನ ತನಕ ಕೆಸರು.

"ಮಾವಾ, ನಮ್ಮಕ್ಕನ್ನ ಒಯ್ತೀನಿ. ನೀನೇ ರೊಟ್ಟಿ ಬಡಕೊಂಡು ತಿನ್ನು. ಸುಟ್ಟರೆ ಎತ್ತಿಗೆ ಹಾಕು, ಅದೂ ಮೂಸೋದಿಲ್ಲ!"

"ಇಂಥ ಮಳೆಯಲ್ಲಿ ಬರಲೇಬೇಕಿತ್ತೇನೋ?" ಎಂದ ಗಾಣಿಗ.

"ಬರಲೇಬೇಕು ಅಂತ ಯಾರಂದರು? ಅಕ್ಕನ್ನ ನೋಡಬೇಕು ಅನಿಸ್ತು. ಬಂದೆ."

ಅಕ್ಕ ತಮ್ಮ ಒಂದೇ ಕಂಬಳಿ ಕೊಪ್ಪೆಯ ಕೆಳಗೆ ತಲೆ ಇಟ್ಟುಕೊಂಡು, ನಗುತ್ತಾ ಹೋದರು. ಗಾಣಿಗ ಬಾಗಿಲಲ್ಲಿ ನಿಂತು ನೋಡಿದ. ಅವರು ತಿರುವಿನಲ್ಲಿ ಮರೆಯಾದರು. ಅವನು ಗಾಣದ ಎತ್ತಿನ ಕಣ್ಣುಪಟ್ಟಿ ಬಿಚ್ಚಿದ. ಅರ್ಧ ಅರೆದ ಎಳ್ಳು ಗಾಣದಲ್ಲೇ ಇತ್ತು. ತಿರುಗಿ ನೋಡಲಿಲ್ಲ. ಬಂಡಿ ಹೂಡಿದ. ತಂಗಿಯನ್ನು ತರದೆ ಮತ್ತೆ ತನ್ನ ಮನೆಯೊಳಗೆ ಕಾಲಿಡಲಾರೆ ಅನ್ನಿಸಿತು ಅವನಿಗೆ. ಯಾರೂ ಹೇಳಿರಲಿಲ್ಲ. ಹೇಳಲು ಯಾರೂ ಇರಲೂ ಇಲ್ಲ.

ತಂಗಿ ಜೋಳ ಹಸನು ಮಾಡುತ್ತಿದ್ದಳು. ಬಂಡಿಯಿಂದ ಇಳಿದವನನ್ನು ಕಂಡು ಎದ್ದು ನಿಂತಳು. ಮುಖ ಬಿಳಿಚಿತು.

"ಯಾರು ಹೋದರು?" ಅಂದಳು.

"ಯಾರೂ ಹೋಗಿಲ್ಲ. ಎಲ್ಲರೂ ಚೆನ್ನಾಗಿದ್ದಾರೆ."

"ಹಾಗಾದರೆ ಯಾರ ಮದುವೆ?"

"ಮದುವೆಯೂ ಅಲ್ಲ."

"ಹಿರಿಯರು ಏನು ಹೇಳಿ ಕಳಿಸಿದರು?"

"ಯಾರೂ ಕಳಿಸಲಿಲ್ಲ ತಂಗೆವ್ವಾ. ಪಂಚಮಿ ಅಲ್ಲವಾ? ನಿನ್ನ ಕರೆದೊಯ್ಯಲು ಬಂದೆ."

ತಂಗಿ ಅವನ ಬೆನ್ನ ಹಿಂದೆ ಓಣಿಯತ್ತ ನೋಡಿದಳು. ಇನ್ನು ಯಾರು ಬಂದಿದ್ದಾರೆ ಎಂದು ಹುಡುಕಿದಳು. ಯಾರೂ ಇರಲಿಲ್ಲ. ಕಾಲಿಗೆ ನೀರು ಕೊಟ್ಟಳು. ಬಿಸಿ ರೊಟ್ಟಿ, ಪಲ್ಯ, ಮೊಸರು ಬಡಿಸಿದಳು. ಅವನು ಉಂಡ. ಕೈ ತೊಳೆದು ಬಂದು, "ಹೊರಡೋಣ?" ಎಂದ.

ತಂಗಿ ಸೆರಗಿಗೆ ಕೈ ಒರೆಸಿಕೊಂಡಳು.

"ಯಾವ ಕಾಗದಕ್ಕೆ ನನ್ನ ಹೆಬ್ಬೆಟ್ಟು ಬೇಕಿತ್ತು, ಅಣ್ಣಾ? ತಂದಿದ್ದರೆ ಇಲ್ಲೇ ಒತ್ತಿಕೊಡ್ತೀನಿ. ಅದಕ್ಕೆ ಹಬ್ಬದ ನೆವ ಯಾಕೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗಾಣಿಗ ಅವಳ ಕಾಲಾದರೂ ಹಿಡಿಯುತ್ತಿದ್ದ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ಕಾಗದ ಏನೂ ಇಲ್ಲ ಎಂದ. ಅವಳು ತಲೆಯಾಡಿಸಿದಳು, ನಂಬಲಿಲ್ಲ. ಮತ್ತೊಮ್ಮೆ ಹೇಳಿದ. ಅವಳು ಮತ್ತೆ ಹಾಗೇ ತಲೆಯಾಡಿಸಿದಳು.

ಬಂಡಿಯನ್ನು ತಿರುಗಿಸಿದ. ತಂಗಿ ಹೊಸ್ತಿಲಲ್ಲಿ ನಿಂತಿದ್ದಳು, ಬಂದು ಹೋಗುವ ಯಾವ ಮನುಷ್ಯನನ್ನಾದರೂ ಕಳಿಸಿಕೊಡುವ ಹಾಗೆ. ಬಂಡಿಯಲ್ಲಿ ಅವಳಿಗೆಂದು ಹಾಸಿದ್ದ ಕಂಬಳಿ ಮಳೆಯಲ್ಲಿ ನೆನೆಯಿತು. ಗಾಣಿಗ ಒಬ್ಬನೇ ಮನೆಗೆ ಬಂದ.

ಗುರು ಕತೆ ನಿಲ್ಲಿಸಿದರು.

ಅಡಿವೆಪ್ಪನ ಮನಸ್ಸು ತಡೆಯಲಿಲ್ಲ. "ಅಜ್ಜಾರೆ, ವರ್ಷವರ್ಷ ಕರೆಯಬೇಕು ಅಂದುಕೊಂಡು ಬಿಟ್ಟದ್ದು ಶುಡ್. ಕೊನೆಗೆ ಹೋದದ್ದು ಒಳಗಿನಿಂದ ಬಂದದ್ದು. ಅದೇ ಮಸ್ಟ್. ಅವನು ಖರೇನೇ ಹೋಗಿದ್ದ. ಒಡಹುಟ್ಟಿದವಳಿಗೆ ಅಷ್ಟೂ ತಿಳಿಯಲಿಲ್ಲವೇ?"

"ಕಟ್ಟಳೆ ಕಳಿಸಿದವನನ್ನೇ ಇಷ್ಟು ವರ್ಷ ಕಂಡವಳು, ಮಗಾ, ತಾನಾಗಿ ಬಂದ ಅಣ್ಣನ ಗುರುತು ಅವಳಿಗೆ ಹೇಗೆ ಸಿಗಬೇಕು?" ಎಂದರು ಗುರು.