ತಲೆ ಮುಳುಗಿಸುವ ಸರದಿ

ಹಿಮನಾಡಿನಿಂದ ವಲಸೆ ಬಂದ ಬಾತುಗಳು, ಕೆರೆಯ ಕೊಕ್ಕರೆಗಳು, ದಂಡೆಯ ಟಿಟ್ಟಿಭಗಳು ಒಟ್ಟಾಗಿ ಕಾವಲು ಕಾಯುವುದೆಂದು ಒಪ್ಪಿಕೊಂಡಿದ್ದವು. ಆದರೂ ಹದ್ದು ಒಂದು ಬಾತನ್ನು ಎತ್ತಿಕೊಂಡು ಹೋಯಿತು. ಮೂರು ಹಿಂಡಿನ ಮುಖಂಡರೂ ಸಭೆ ಸೇರಿದರು.

“ನಾನು ಕೂಗಿದೆನಲ್ಲ!” ಎಂದಿತು ಟಿಟ್ಟಿಭ.

“ಕಪ್ಪೆ ಹಾರಿದರೂ ನೀವು ಕೂಗುತ್ತೀರಿ. ಕೊಕ್ಕರೆಯವರಂತೂ ಪಿಟ್ಟೆನ್ನಲಿಲ್ಲ,” ಎಂದಿತು ಬಾತು.

“ನಮ್ಮಲ್ಲಿ ಕೂಗುವ ಪದ್ಧತಿಯಿಲ್ಲ. ಅಪಾಯ ಕಂಡರೆ ಕತ್ತು ನೀಳ ಮಾಡಿ ನಿಲ್ಲುತ್ತೇವೆ. ನೀವು ನೋಡಬೇಕಿತ್ತು,” ಎಂದಿತು ಕೊಕ್ಕರೆ.

“ನೀರೊಳಗೆ ತಲೆ ಹಾಕಿ ಮೇಯುವವರು ಏನನ್ನು ನೋಡುವುದು?”

ಅಂದಿನಿಂದ ಎಲ್ಲರೂ ತಲೆಯೆತ್ತಿಯೇ ನಿಂತರು. ಕೆರೆ ತುಂಬ ಮೀನು, ಗೆಡ್ಡೆ; ಹೊಟ್ಟೆ ಮಾತ್ರ ಖಾಲಿ. ಕೊನೆಗೆ ಬಾತು ಹೇಳಿತು: “ನಾನೇ ಮೊದಲು ತಲೆ ಮುಳುಗಿಸುತ್ತೇನೆ. ಹದ್ದು ಕಂಡರೆ ಕೊಕ್ಕರೆಯವರು ನೀರಿಗೆ ಕಾಲು ಬಡಿಯಲಿ, ನನಗೆ ಗೊತ್ತಾಗುತ್ತದೆ. ಟಿಟ್ಟಿಭದವರು ದಯವಿಟ್ಟು ಸುಮ್ಮನಿರಲಿ.”

ತಲೆ ಮುಳುಗಿಸಿ ಇನ್ನೇನು ಗೆಡ್ಡೆಗೆ ಬಾಯಿ ಹಾಕಬೇಕು, ನೀರು ಅಲುಗಿತು. ಬಾತು ಬೆಚ್ಚಿ ಮೇಲೆ ಹಾರಿತು. ಆಕಾಶ ಖಾಲಿಯಿತ್ತು.

“ಹದ್ದೆಲ್ಲಿ?”

“ಬಂದಿಲ್ಲ. ನಿಮಗೆ ನಿಜವಾಗಿ ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸಿದೆ,” ಎಂದಿತು ಕೊಕ್ಕರೆ.

“ಸರಿ. ಈಗ ನಿಮ್ಮ ಸರದಿ. ನೀವು ತಲೆ ಮುಳುಗಿಸಿ, ನಾನು ಕಾಯುತ್ತೇನೆ.”

ಕೊಕ್ಕರೆ ಆಕಾಶ ನೋಡಿತು, ಬಾತನ್ನು ನೋಡಿತು. ಅದರ ಕತ್ತು ಬಗ್ಗಲಿಲ್ಲ.

ಮೂವರೂ ಮತ್ತೆ ತಲೆಯೆತ್ತಿ, ಹಸಿದುಕೊಂಡೇ ನಿಂತರು. ಅಂದು ಹದ್ದು ಕೆರೆಯ ಕಡೆ ಸುಳಿಯಲೇ ಇಲ್ಲ.